ಹಲವು ಕೈ, ಒಂದೇ ಮೋಡ



ಗಾಳಿಯಲ್ಲಿ ನೀರಿನ ಆವಿ ಎಷ್ಟೇ ತುಂಬಿರಲಿ, ಅದು ತನ್ನಷ್ಟಕ್ಕೆ ಮೋಡದ ಹನಿಯಾಗುವುದಿಲ್ಲ. ಅಂಟಿಕೊಂಡು ಕೂರಲು ಅದಕ್ಕೊಂದು ಕಣ ಬೇಕು. ಧೂಳು, ಹೊಗೆಯ ಮಸಿ, ಕಡಲ ಉಪ್ಪು, ಯಾವುದಾದರೂ ಆದೀತು. ಕಣಗಳು ಹೆಚ್ಚಿದ್ದರೆ ಅಷ್ಟೇ ನೀರು ಸಣ್ಣಸಣ್ಣ ಹನಿಗಳಾಗಿ ಹಂಚಿಹೋಗುತ್ತದೆ. ಮೋಡ ಇನ್ನಷ್ಟು ಬೆಳ್ಳಗಾಗಿ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ. ಭೂಮಿ ಎಷ್ಟು ಬಿಸಿಯಾಗುತ್ತದೆ ಎಂಬ ಲೆಕ್ಕದಲ್ಲಿ ಕಾರ್ಬನ್ ಡೈಆಕ್ಸೈಡಿನ ಪಾಲು ಚೆನ್ನಾಗಿ ಗೊತ್ತಾಗಿದೆ. ಮೋಡದ ಪಾಲು ಮಾತ್ರ ಇನ್ನೂ ಸರಿಯಾಗಿ ಕೈಗೆ ಸಿಕ್ಕಿಲ್ಲ.

ಮೋಡದ ಹನಿಗೆ ಬೇಕಾದ ಈ ಕಣಗಳಲ್ಲಿ ಸುಮಾರು ಅರ್ಧದಷ್ಟು ನೆಲದಿಂದಲೋ ಕಡಲಿನಿಂದಲೋ ಎದ್ದವಲ್ಲ. ಗಾಳಿಯಲ್ಲಿರುವ ಆವಿಯ ಅಣುಗಳೇ ಒಂದಕ್ಕೊಂದು ಅಂಟಿ ಹುಟ್ಟಿದವು. ಹೇಗೆ ಅಂಟುತ್ತವೆ ಎಂದು ಬಯಲಿನಲ್ಲಿ ನಿಂತು ಹೇಳುವುದು ಕಷ್ಟ. ಅಲ್ಲಿ ಎಲ್ಲವೂ ಕಲಸಿಹೋಗಿರುತ್ತದೆ. ಅದಕ್ಕೇ ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ 2009ರಲ್ಲಿ 'ಕ್ಲೌಡ್' ಎಂಬ ಪ್ರಯೋಗ ಶುರುವಾಯಿತು. ಅದರ ನಡುವೆ ಇರುವುದು ಸ್ಟೇನ್‌ಲೆಸ್ ಸ್ಟೀಲಿನ ದೊಡ್ಡ ಪೀಪಾಯಿ. ಒಳಗೆ 26 ಘನ ಮೀಟರ್ ಜಾಗ, ನಮ್ಮ ಬೀದಿಗೆ ಬರುವ ದೊಡ್ಡ ನೀರಿನ ಟ್ಯಾಂಕರ್ ಎರಡರಷ್ಟು.

ಅಲ್ಲಿನ ಮಡಿ ನೋಡಬೇಕು! ಪೀಪಾಯಿಯನ್ನು ಶುದ್ಧ ನೀರಿನಲ್ಲಿ ತೊಳೆದು, 100 ಡಿಗ್ರಿಗೆ ಕಾಯಿಸಿ, ಗೋಡೆಗೆ ಅಂಟಿದ್ದನ್ನೆಲ್ಲ ಓಡಿಸುತ್ತಾರೆ. ಹೊರಗಿನ ಗಾಳಿಗೆ ಪ್ರವೇಶವೇ ಇಲ್ಲ. ದ್ರವ ಸಾರಜನಕವನ್ನೂ ದ್ರವ ಆಮ್ಲಜನಕವನ್ನೂ ಆವಿ ಮಾಡಿ ಬೆರೆಸಿ ಹೊಸ ಗಾಳಿ ತಯಾರಿಸುತ್ತಾರೆ. ಆಮೇಲೆ ಅದಕ್ಕೆ ಗಂಧಕಾಮ್ಲದ ಆವಿಯೋ ಅಮೋನಿಯಾವೋ ಅತಿ ಸೂಕ್ಷ್ಮ ಪ್ರಮಾಣದಲ್ಲಿ ಸೇರುತ್ತದೆ. ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣದಂಥದ್ದು ಬೇಕೆಂದರೆ ಸರ್ನ್‌ನ ವೇಗವರ್ಧಕದಿಂದ ಕಣಗಳನ್ನು ಹಾಯಿಸುತ್ತಾರೆ. ಬೇಡವೆಂದರೆ ವಿದ್ಯುತ್ ಕ್ಷೇತ್ರ ಹಚ್ಚಿ, ಕಿರಣಗಳಿಂದ ಹುಟ್ಟುವ ವಿದ್ಯುದಾವೇಶದ ಕಣಗಳಾದ ಅಯಾನುಗಳನ್ನು ಗುಡಿಸಿಹಾಕುತ್ತಾರೆ.

ನನಗೆ ಹೆಚ್ಚು ಹಿಡಿಸುವುದು ಮುಂದಿನ ಏರ್ಪಾಡು. ಪೀಪಾಯಿಯ ಗೋಡೆಯಿಂದ ಸುತ್ತಲೂ ಕೊಳವೆಗಳು ಹೊರಡುತ್ತವೆ. ಅವುಗಳ ತುದಿಯಲ್ಲಿ ಬೇರೆಬೇರೆ ದೇಶದ ವಿಶ್ವವಿದ್ಯಾಲಯಗಳು ಹೊತ್ತು ತಂದ ಉಪಕರಣಗಳು. ಒಬ್ಬರದು ಅಣುಗಳನ್ನು ತೂಗುತ್ತದೆ, ಇನ್ನೊಬ್ಬರದು ಕಣಗಳನ್ನು ಎಣಿಸುತ್ತದೆ. ಎಲ್ಲವೂ ಅದೇ ಗಾಳಿಯನ್ನು ಅದೇ ಗಳಿಗೆಯಲ್ಲಿ ಹೀರುವುದರಿಂದ, ಲೆಕ್ಕ ತಾಳೆಯಾಗದಿದ್ದರೆ 'ನಮ್ಮೂರ ಗಾಳಿಯೇ ಬೇರೆ' ಎಂದು ಯಾರೂ ಜಾರಿಕೊಳ್ಳುವಂತಿಲ್ಲ. ಹಣ ಉಳಿಯುವುದು ಇದ್ದೇ ಇದೆ. ಆದರೆ ಹಂಚಿಕೊಂಡ ಪ್ರಯೋಗಾಲಯದ ನಿಜವಾದ ಲಾಭ ಈ ತಾಳೆಯೇ.

ಫಲವೂ ಸಿಕ್ಕಿದೆ. ಸೂರ್ಯನ ಏರಿಳಿತದಿಂದ ಕಾಸ್ಮಿಕ್ ಕಿರಣ ಹೆಚ್ಚುಕಡಿಮೆಯಾಗಿ, ಮೋಡ ಬದಲಾಗಿ, ಅದರಿಂದಲೇ ಭೂಮಿ ಬಿಸಿಯಾಗುತ್ತಿದೆ ಎಂಬ ವಾದವೊಂದಿತ್ತು. ಅಣುಗಳು ಅಂಟಿಕೊಳ್ಳಲು ಕಿರಣಗಳು ನೆರವಾಗುವುದು ಹೌದು, ಆದರೆ ಇಂದಿನ ಮೋಡಗಳ ಮೇಲೆ ಆ ಏರಿಳಿತದ ಪರಿಣಾಮ ತೀರಾ ಕಡಿಮೆ ಎಂದು ಕ್ಲೌಡ್ ತಂಡ ತೋರಿಸಿತು. 2016ರಲ್ಲಿ ಇನ್ನೊಂದು ಸುದ್ದಿ: ಪೈನ್ ಮರಗಳು ಬಿಡುವ ಆವಿ, ಇಂದು ಹೆಚ್ಚಾಗಿ ನಮ್ಮ ಹೊಗೆಯಿಂದಲೇ ಹುಟ್ಟುವ ಗಂಧಕಾಮ್ಲದ ಹಂಗಿಲ್ಲದೆ ತಾನೇ ಕಣವಾಗಬಲ್ಲದು. ಹಾಗಾದರೆ ಕಾರ್ಖಾನೆಗಳು ಬರುವ ಮೊದಲೇ ಆಕಾಶದಲ್ಲಿ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು ಮೋಡವಿದ್ದಿರಬೇಕು. ನಮ್ಮ ಹೊಗೆ ಮೋಡವನ್ನು ಎಷ್ಟು ಬದಲಿಸಿತು ಎಂಬ ಲೆಕ್ಕವನ್ನು ಮತ್ತೆ ಹಾಕಬೇಕಾಯಿತು.

ಇಂಥ ಪ್ರಯೋಗಾಲಯ ಕ್ಲೌಡ್ ಒಂದೇ ಅಲ್ಲ. ಜರ್ಮನಿಯ ಕಾರ್ಲ್‌ಸ್ರೂಹೆಯಲ್ಲಿ 84 ಘನ ಮೀಟರಿನ 'ಐಡಾ' ಎಂಬ ಕೊಠಡಿಯಿದೆ. ಅದು ಮಂಜುಗಡ್ಡೆಯ ಮೋಡಗಳಿಗೆ ಹೆಸರುವಾಸಿ. ಯುರೋಪಿನ ಇಂಥ ಕೇಂದ್ರಗಳನ್ನು ಹೆಣೆಯುವ 'ಆಕ್ಟ್ರಿಸ್' ಜಾಲಕ್ಕೆ 2023ರಲ್ಲಿ ಕಾನೂನಿನ ಮಾನ್ಯತೆ ದೊರೆಯಿತು.

ನಮ್ಮಲ್ಲಿ? ಕೃಷ್ಣೆ ಹುಟ್ಟುವ ಮಹಾಬಲೇಶ್ವರದಲ್ಲಿ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ 2012ರಲ್ಲಿ ಮೋಡಗಳ ಪ್ರಯೋಗಾಲಯ ತೆರೆದಿದೆ. ಅಲ್ಲಿ ಪೀಪಾಯಿ ಬೇಕಿಲ್ಲ. ಮುಂಗಾರಿನಲ್ಲಿ ಮೋಡವೇ ಬಾಗಿಲಿಗೆ ಬರುತ್ತದೆ. ಕೃಷ್ಣೆಯ ಆಲಮಟ್ಟಿ ಅಣೆಕಟ್ಟಿಗೆ ಬರುವ ನೀರಿನ ಒಂದು ಪಾಲು ಆ ಬೆಟ್ಟಗಳ ಮೋಡದ್ದೇ. ನಿಮ್ಮ ಮನೆಯಲ್ಲಿ ಭೌತಶಾಸ್ತ್ರವೋ ರಸಾಯನಶಾಸ್ತ್ರವೋ ಓದುವ ಮಕ್ಕಳಿದ್ದರೆ, ಮೋಡದ ಅಧ್ಯಯನವೂ ಒಂದು ವೃತ್ತಿ ಎಂಬ ಮಾತನ್ನು ಅವರ ಕಿವಿಗೆ ಹಾಕಿ.