ಆಫೀಸಿನ ಪ್ರೇಮ ಮತ್ತು ನಮ್ಮ ಸಂಬಳ

(ಲಿಂಗರಾಜಪುರದ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತುಗಳು)



ಸಾಲದ ಕಂತಿನ ವಿಷಯ ಇವತ್ತು ಬೇಡ, ಟೀವಿಯ ಕಂತಿನ ವಿಷಯ ಮಾತಾಡಿ ಎಂದು ಸಂಘದವರು ನನಗೆ ಹೇಳಿದ್ದಾರೆ. ವೇದಿಕೆ ಹತ್ತಿದವರೆಲ್ಲ ಧಾರಾವಾಹಿ ನೋಡುವ ಹೆಂಗಸರನ್ನು ಬೈಯುವುದು ವಾಡಿಕೆ. ನಾನು ಬೈಯುವುದಿಲ್ಲ, ನಾನೂ ನೋಡುತ್ತೇನೆ. ಐದಕ್ಕೆ ಎದ್ದು ನೀರು ಹಿಡಿದು, ಡಬ್ಬಿ ಕಟ್ಟಿ, ಗಾರ್ಮೆಂಟ್ಸಿಗೋ ಮನೆಗೆಲಸಕ್ಕೋ ಹೋಗಿ ಬಂದವಳು ರಾತ್ರಿ ಅರ್ಧ ಗಂಟೆ ಕಾಲು ಚಾಚಿ ಕೂತರೆ ಯಾರ ಗಂಟೇನು ಹೋಯಿತು? ಹಿಂದೆ ಈಟಿವಿಯಲ್ಲಿ 'ಸಿಲ್ಲಿ ಲಲ್ಲಿ' ಬರುತ್ತಿದ್ದಾಗ ಸಮಾಜ ಸೇವಕಿ ಲಲಿತಾಂಬನನ್ನು ನೋಡಿ ನಕ್ಕವರು ಮಾರನೇ ದಿನ ನನ್ನನ್ನೂ ಅದೇ ಹೆಸರಿನಿಂದ ಕರೆದರು. ನಾನೂ ನಕ್ಕೆ. ಸಂಘವೇನೂ ನಿಲ್ಲಲಿಲ್ಲ.

ಈಗ ಆಫೀಸಿನಲ್ಲಿ ಹುಟ್ಟುವ ಪ್ರೇಮದ ಕಥೆಗಳ ಕಾಲ. 2023ರ ಜುಲೈನಲ್ಲಿ ಜೀ ಕನ್ನಡದಲ್ಲಿ ಶುರುವಾದ 'ಸೀತಾ ರಾಮ'ದಲ್ಲಿ ಸೀತಾ ದುಡಿಯುವ ಕಂಪನಿಯ ಒಡೆಯನೇ ರಾಮ. ಅದಕ್ಕೂ ಮೊದಲು 2019ರ ಸೆಪ್ಟೆಂಬರಿನಲ್ಲಿ ಅದೇ ವಾಹಿನಿಯಲ್ಲಿ 'ಜೊತೆ ಜೊತೆಯಲಿ' ಬಂತು, 2023ರವರೆಗೆ ನಡೆಯಿತು. ಮರಾಠಿಯ 'ತುಲಾ ಪಾಹತೆ ರೇ' ಕಥೆಯನ್ನು ಕನ್ನಡಕ್ಕೆ ತಂದದ್ದು. ನಿಮ್ಮಲ್ಲಿ ಬಹಳ ಜನ ನೋಡಿರುವುದರಿಂದ ಅದನ್ನೇ ಹಿಡಿದು ಮಾತಾಡುತ್ತೇನೆ, ಅದರಲ್ಲೂ ಮೊದಲ ಕೆಲವು ವಾರ ನೋಡಿದಾಗ ನಮಗೆ ಏನನ್ನಿಸಿತು ಎಂಬುದನ್ನು.

ನಮ್ಮ ಬೀದಿಯಲ್ಲಿ ತಮಿಳು, ತೆಲುಗು, ಉರ್ದು, ಕನ್ನಡ ನಾಲ್ಕೂ ಮಾತಾಡುವವರಿದ್ದೇವೆ. ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ಚಾನೆಲ್ಲು. ಆದರೂ ಇದನ್ನು ನೋಡಲು ಪಕ್ಕದ ಮನೆಗೆ ಹೋಗಿ ಕೂತವರಿದ್ದರು. ನಲವತ್ತೈದು ವರ್ಷದ ಶ್ರೀಮಂತ ಉದ್ಯಮಿ ಆರ್ಯವರ್ಧನ್, ಇಪ್ಪತ್ತರ ಹುಡುಗಿ ಅನು ಸಿರಿಮನೆ. ಅನಿರುದ್ಧ್ ಮತ್ತು ಮೇಘಾ ಶೆಟ್ಟಿ ಆ ಪಾತ್ರ ಮಾಡಿದ್ದರು. ಅಪ್ಪ ಸುಬ್ಬು ಸೀರೆ ಅಂಗಡಿಯಲ್ಲಿ ಕೆಲಸಕ್ಕಿರುವ ಬಡವ. ಅಮ್ಮ ಪುಷ್ಪಾಳಿಗೆ ಮಗಳು ದೊಡ್ಡ ಮನೆ ಸೇರಲಿ ಎಂಬ ಆಸೆ. ಆಕೆಯ ಮಾತಿಗೆ ನಾವು ಬಿದ್ದು ಬಿದ್ದು ನಕ್ಕಿದ್ದುಂಟು. ಹುಡುಗಿ ಅವನದೇ ಕಂಪನಿಗೆ ಕೆಲಸಕ್ಕೆ ಸೇರುತ್ತಾಳೆ. ಅವನು ಜೋರು ಮಾತಾಡುವುದಿಲ್ಲ, ಕೈ ತಾಗಿಸುವುದಿಲ್ಲ, ದೊಡ್ಡವರಿಗೆ ಮರ್ಯಾದೆ ಕೊಡುತ್ತಾನೆ. ನಮ್ಮ ಹೆಂಗಸರಿಗೆ ಇಷ್ಟವಾದದ್ದು ಅವನ ಕಾರಲ್ಲ, ಈ ಮೆತ್ತಗಿನ ಮಾತು. ಮನೆಯಲ್ಲಿ ಒಂದು ದಿನವೂ ಮೆತ್ತಗೆ ಮಾತಾಡಿಸದ ಗಂಡಂದಿರು ಇದನ್ನು ಕೇಳಿಸಿಕೊಂಡರೆ ಒಳ್ಳೆಯದು.

ಒಂದು ಸಂಜೆ ನಮ್ಮ ಸಂಘದ ಒಬ್ಬ ತಾಯಿ, ಮೂರು ಹೆಣ್ಣುಮಕ್ಕಳ ತಾಯಿ, ಹೇಳಿದ ಮಾತು ನನ್ನ ತಲೆಯಿಂದ ಹೋಗಿಲ್ಲ. "ವಯಸ್ಸಾದರೆ ಆಗಲಿ ಕಣಮ್ಮ, ಒಂದು ಪೈಸೆ ಕೇಳಲ್ವಲ್ಲ." ಕಥೆಯ ಗುಟ್ಟು ಇರುವುದು ಅಲ್ಲೇ. ನಾವು ಪ್ರೇಮವನ್ನು ನೋಡುತ್ತಿರಲಿಲ್ಲ, ವರದಕ್ಷಿಣೆ ಕೇಳದ ಗಂಡನ್ನು ನೋಡುತ್ತಿದ್ದೆವು.

ಈ ಲೆಕ್ಕಾಚಾರ ಹೊಸದಲ್ಲ. ನನ್ನ ಚಿಕ್ಕಮ್ಮನನ್ನು ಹತ್ತೊಂಬತ್ತಕ್ಕೆ ಎರಡನೇ ಸಂಬಂಧಕ್ಕೆ ಕೊಟ್ಟರು. ಆತನಿಗೆ ನಲವತ್ತೆರಡು. ಸ್ವಂತ ಮನೆ, ಅಂಗಡಿ, ಮದುವೆ ಖರ್ಚೂ ಅವರದೇ. ನಮ್ಮ ಅಜ್ಜಿ ದೇವರಿಗೆ ದೀಪ ಹಚ್ಚಿದರು. ಮೊದಲನೆಯವಳು ಏನಾದಳು ಎಂದರೆ "ಸ್ಟವ್ ಸಿಡಿಯಿತು" ಎಂದರು. ಯಾವ ಊರಿನವಳು, ಅವಳ ತಾಯಿ ತಂದೆ ಎಲ್ಲಿದ್ದಾರೆ, ಅವರು ಏನು ಹೇಳುತ್ತಾರೆ, ಇದನ್ನು ಕೇಳಲು ನಮ್ಮವರು ಯಾರೂ ಹೋಗಲಿಲ್ಲ. ಪುಕ್ಕಟೆ ಸಿಕ್ಕ ಗಂಡಿಗೆ ಪ್ರಶ್ನೆ ಕೇಳಿದರೆ ಕೈತಪ್ಪೀತು ಎಂಬ ಭಯ. ಮೂರು ವರ್ಷಕ್ಕೆ ಚಿಕ್ಕಮ್ಮ ಕಂಕುಳಲ್ಲಿ ಕೂಸು ಹಿಡಿದು ತಿರುಗಿ ಬಂದಳು. ಏಟು ಬಿದ್ದು ಬಿದ್ದು ಎಡಗಿವಿ ಕೇಳಿಸುತ್ತಿರಲಿಲ್ಲ. ಜೀವ ಉಳಿಸಿಕೊಂಡು ಬಂದಳು, ಅಷ್ಟೇ.

'ಜೊತೆ ಜೊತೆಯಲಿ'ಯಲ್ಲೂ ಮುಂದೆ ಮೊದಲ ಹೆಂಡತಿ ರಾಜನಂದಿನಿಯ ಸಾವಿನ ಗುಟ್ಟು ಬಂತು, ನೆನಪಿದೆಯಲ್ಲ? ಅಲ್ಲಿ ಪುನರ್ಜನ್ಮದ ಕಥೆ ತಂದು ಸತ್ತವಳನ್ನು ಮತ್ತೆ ಮಾತಾಡಿಸಿದರು. ನಮ್ಮ ಬೀದಿಯಲ್ಲಿ ಸತ್ತವಳು ಮತ್ತೆ ಹುಟ್ಟಿ ಬಂದು ಸಾಕ್ಷಿ ಹೇಳುವುದಿಲ್ಲ. ಬದುಕಿರುವ ನಾವೇ ಹೋಗಿ ಕೇಳಬೇಕು.

ಇನ್ನು ಆಫೀಸಿನ ಮಾತು. ಕೆಲಸದ ಜಾಗದಲ್ಲಿ ಪ್ರೀತಿಯೇ ಕೂಡದು ಎಂದು ನಾನು ಹೇಳುವವಳಲ್ಲ. ನಾನಿದ್ದ ಫ್ಯಾಕ್ಟರಿಯಲ್ಲಿ ಇಸ್ತ್ರಿ ಸೆಕ್ಷನ್ನಿನ ಹುಡುಗ, ಚೆಕಿಂಗ್ ಮಾಡುವ ಹುಡುಗಿ ಇಷ್ಟಪಟ್ಟು ರಿಜಿಸ್ಟರ್ ಮದುವೆಯಾದರು. ಜಾತಿ ಬೇರೆ, ಭಾಷೆ ಬೇರೆ, ವರದಕ್ಷಿಣೆಯ ಸುದ್ದಿಯೇ ಇಲ್ಲ. ಲೈನಿನವರೆಲ್ಲ ಸೇರಿ ಕುಕ್ಕರ್ ಕೊಟ್ಟೆವು. ಇಬ್ಬರದೂ ಸಮಸಮ ಸಂಬಳ, ಬೇಡವೆಂದಿದ್ದರೆ ಯಾರ ಅನ್ನವೂ ಹೋಗುತ್ತಿರಲಿಲ್ಲ.

ಅದೇ ಫ್ಯಾಕ್ಟರಿಯಲ್ಲಿ ಒಬ್ಬ ಸೂಪರ್‌ವೈಸರ್ ನನ್ನ ಪಕ್ಕದ ಮಿಷಿನ್ನಿನ ಹುಡುಗಿಗೆ ಭಾನುವಾರ ಕಬ್ಬನ್ ಪಾರ್ಕಿಗೆ ಬಾ ಎಂದ. ಅವನೂ ಮೆತ್ತಗೇ ಕೇಳಿದ್ದ. ಅವಳು ಬರುವುದಿಲ್ಲ ಎಂದಳು. ಸೋಮವಾರದಿಂದ ಅವಳ ಟಾರ್ಗೆಟ್ ಏರಿತು, ಹೊಲಿದ ಪೀಸೆಲ್ಲ ವಾಪಸ್, ರಜೆ ಕೇಳಿದರೆ ಬೈಗುಳ. ತಿಂಗಳೊಳಗೆ ತಾನೇ ಕೆಲಸ ಬಿಟ್ಟಳು. ಅವಳದೇ ನಡತೆ ಸರಿಯಿಲ್ಲ ಎಂದು ಜನ ಮಾತಾಡಿಕೊಂಡರು. ನಾನೂ ಅಂದು ಬಾಯಿ ಬಿಡಲಿಲ್ಲ.

ಧಾರಾವಾಹಿಯಲ್ಲಿ ಯಜಮಾನ ಒಳ್ಳೆಯವನೇ, ಯಾಕೆಂದರೆ ಕಥೆ ಬರೆದವರು ಅವನನ್ನು ಹಾಗೆ ಬರೆದಿದ್ದಾರೆ. ಅನು ಒಲ್ಲೆ ಎಂದಿದ್ದರೆ ಮರುದಿನ ಅವಳ ಕುರ್ಚಿ ಅಲ್ಲೇ ಇರುತ್ತಿತ್ತೇ? ಅದನ್ನು ನಾವು ನೋಡುವಂತಿಲ್ಲ. ಆ ಆಫೀಸಿನಲ್ಲಿ ವರ್ಷಗಟ್ಟಲೆ ದುಡಿದ ಮೀರಾಳನ್ನು ಮಾತ್ರ ಹೊಟ್ಟೆಕಿಚ್ಚಿನವಳನ್ನಾಗಿ ಮಾಡಿಬಿಟ್ಟರು. ಅದು ನನಗೆ ಇವತ್ತಿಗೂ ಸಿಟ್ಟು.

ಆ ಹುಡುಗಿಗೆ ಆಗ ತಿಳಿಯದಿದ್ದ ಒಂದು ವಿಷಯ ನಿಮಗೆ ತಿಳಿದಿರಲಿ. ಬಾಲ್ಯವಿವಾಹ ತಡೆಯುವ ಕೆಲಸ ಮಾಡಿದ್ದಕ್ಕೆ 1992ರಲ್ಲಿ ರಾಜಸ್ಥಾನದ ಭಂವರಿ ದೇವಿಯ ಮೇಲೆ ಅತ್ಯಾಚಾರ ನಡೆಯಿತು. ಅದರಿಂದ ಎದ್ದ ಹೋರಾಟ ಸುಪ್ರೀಂ ಕೋರ್ಟಿಗೆ ಹೋಗಿ 1997ರಲ್ಲಿ ವಿಶಾಖಾ ತೀರ್ಪು ಬಂತು, 2013ರಲ್ಲಿ ಕಾಯ್ದೆಯಾಯಿತು. ಹತ್ತು ಜನ ದುಡಿಯುವ ಜಾಗದಲ್ಲಿ ದೂರು ಕೇಳುವ ಸಮಿತಿ ಇರಲೇಬೇಕು, ಅದರ ಅಧ್ಯಕ್ಷರು ಹೆಂಗಸೇ ಆಗಿರಬೇಕು. ಅದಕ್ಕಿಂತ ಕಡಿಮೆ ಜನರಿದ್ದರೆ, ಯಜಮಾನನ ಮೇಲೆಯೇ ದೂರಿದ್ದರೆ, ಅಥವಾ ನೀವು ಮನೆಗೆಲಸದವರಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ದೂರು ಮೂರು ತಿಂಗಳೊಳಗೆ ಬರವಣಿಗೆಯಲ್ಲಿ ಕೊಡಬೇಕು. ಬರೆಯಲು ಬಾರದವರಿಗೆ ಬರೆದುಕೊಡುವುದಕ್ಕೂ ಕಾಯ್ದೆಯಲ್ಲಿ ಜಾಗವಿದೆ. ಮೈ ಮುಟ್ಟಿದರೆ ಮಾತ್ರ ಕಿರುಕುಳ ಎಂದು ತಿಳಿಯಬೇಡಿ. ಒಪ್ಪಿದರೆ ಬಡ್ತಿ, ಒಪ್ಪದಿದ್ದರೆ ತೊಂದರೆ ಎಂಬ ಸೂಚನೆ ಕೊಟ್ಟರೂ ಅದು ಕಿರುಕುಳವೇ.

ನಿಮ್ಮ ಫ್ಯಾಕ್ಟರಿಯ ಗೋಡೆಯ ಮೇಲೆ ಆ ಸಮಿತಿಯವರ ಹೆಸರು ಹಾಕಿದ್ದಾರೆಯೇ ಎಂದು ನಾಳೆ ನೋಡಿಕೊಂಡು ಬನ್ನಿ, ಮುಂದಿನ ಸಭೆಯಲ್ಲಿ ಕೇಳುತ್ತೇನೆ. ಹಾಜರಿ ಪುಸ್ತಕಕ್ಕೆ ಸಹಿ ಹಾಕದವರು ಹಾಕಿಬಿಡಿ. ಹೊತ್ತಾಯಿತು, ಇವತ್ತಿನ ಕಂತು ನನಗೂ ತಪ್ಪಿಹೋದೀತು.