ಚಿನ್ನದ ಗಣಿಯ ಎರಡು ತಿಂಗಳ ಮೌನ

(ಸಂಘದ ವಿಜ್ಞಾನ ದಿನಾಚರಣೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ವಿಜ್ಞಾನದ ಹಳೆಯ ಹಾಗೂ ಹೊಸ ಸಂಶೋಧನೆಗಳ ಬಗ್ಗೆ ಮಾತನಾಡಬೇಕೆಂದು ಸಂಘದ ಕಾರ್ಯದರ್ಶಿಗಳು ಕೇಳಿಕೊಂಡಾಗ, ಇಷ್ಟು ವಿಶಾಲವಾದ ಬಯಲಿನಲ್ಲಿ ಎಲ್ಲಿ ಕಾಲಿಡುವುದೆಂದು ನನಗೆ ತೋಚಲಿಲ್ಲ. ಹತ್ತು ವಿಷಯಗಳನ್ನು ಒಂದೊಂದು ನಿಮಿಷದಲ್ಲಿ ಹೇಳಿ ಕೈತೊಳೆದುಕೊಳ್ಳುವುದು ನನಗೆ ಒಗ್ಗದ ಕೆಲಸ. ಆದುದರಿಂದ ಒಂದೇ ಒಂದು ಸಂಶೋಧನೆಯ ಕತೆಯನ್ನು ಹಿಡಿದುಕೊಳ್ಳುತ್ತೇನೆ. ಅದರ ಒಂದು ತುದಿ ನಾವು ಬದುಕು ಕಟ್ಟಿಕೊಂಡಿರುವ ಈ ಮುಂಬಯಿಯ ಕೊಲಾಬಾದಲ್ಲಿದೆ. ಇನ್ನೊಂದು ತುದಿ ಕೋಲಾರದ ಚಿನ್ನದ ಗಣಿಯ ತಳದಲ್ಲಿದೆ.

ನ್ಯೂಟ್ರಿನೊ ಎಂಬ ಕಣದ ಹೆಸರನ್ನು ತಮ್ಮಲ್ಲಿ ಅನೇಕರು ಕೇಳಿರಬಹುದು. 1930ರಲ್ಲಿ ವುಲ್ಫ್‌ಗಾಂಗ್ ಪೌಲಿ ಎಂಬ ವಿಜ್ಞಾನಿ, ವಿಕಿರಣ ಕ್ರಿಯೆಯೊಂದರಲ್ಲಿ ಶಕ್ತಿಯ ಲೆಕ್ಕ ಸರಿಹೊಂದದಿದ್ದಾಗ, ಕಣ್ಣಿಗೂ ಉಪಕರಣಕ್ಕೂ ಸಿಗದ ಒಂದು ಕಣ ಆ ಕೊರತೆಯನ್ನು ಹೊತ್ತೊಯ್ಯುತ್ತಿರಬೇಕೆಂದು ಊಹಿಸಿದರು. ಆ ಊಹೆ ನಿಜವೆಂದು ಅಮೆರಿಕದ ಒಂದು ಪರಮಾಣು ಸ್ಥಾವರದ ಬಳಿ ರೈನ್ಸ್ ಮತ್ತು ಕೋವನ್ ತೋರಿಸಿದ್ದು 1956ರಲ್ಲಿ. ಹಿಡಿಯುವುದಕ್ಕೆ ಇಪ್ಪತ್ತಾರು ವರ್ಷ ಬೇಕಾದರೂ ಇದು ಅಪರೂಪದ ಕಣವಲ್ಲ. ನಮ್ಮ ಹೆಬ್ಬೆರಳಿನ ಉಗುರಿನಷ್ಟು ಜಾಗದ ಮೂಲಕ ಸೂರ್ಯನಿಂದ ಬಂದ ಸುಮಾರು ಆರು ಸಾವಿರ ಕೋಟಿ ನ್ಯೂಟ್ರಿನೊಗಳು ಪ್ರತಿ ಸೆಕೆಂಡಿಗೆ ಹಾದುಹೋಗುತ್ತಿವೆ. ಹಗಲಾಗಲಿ ಇರುಳಾಗಲಿ ವ್ಯತ್ಯಾಸವಿಲ್ಲ. ಇಡೀ ಭೂಮಿಯೇ ಅವಕ್ಕೆ ತೆರೆದ ಬಾಗಿಲು. ಯಾವುದನ್ನೂ ಮುಟ್ಟದೆ ಹೋಗುವ ಈ ಸ್ವಭಾವವೇ ಅವನ್ನು ಹಿಡಿಯಲು ಇರುವ ತೊಡಕು.

ಈಗ ಕೋಲಾರಕ್ಕೆ ಬರೋಣ. 1880ರ ದಶಕದಿಂದ ಜಾನ್ ಟೇಲರ್ ಕಂಪನಿಯ ಆಡಳಿತದಲ್ಲಿ ಬೆಳೆದ ಈ ಗಣಿಗಳಿಗೆ 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಹರಿದು ಬಂದಿತು. 1956ರಲ್ಲಿ ಮೈಸೂರು ಸರ್ಕಾರ ಅವನ್ನು ವಹಿಸಿಕೊಂಡಿತು. ಚಿನ್ನದ ಜಾಡು ಹಿಡಿದು ಅಗೆಯುತ್ತ ಅಗೆಯುತ್ತ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಅಗೆದವರಲ್ಲಿ ಬಹುಮಂದಿ ಆರ್ಕಾಟು, ಚಿತ್ತೂರು ಕಡೆಗಳಿಂದ ಹೊಟ್ಟೆಪಾಡಿಗಾಗಿ ಬಂದು ನೆಲೆಸಿದ ತಮಿಳರು, ತೆಲುಗರು. ಕೋಲಾರದ ಮಾತೆತ್ತಿದಾಗ 'ನಮ್ಮ ಚಿನ್ನ' ಎಂದು ಹೆಮ್ಮೆಪಡುವ ನಾವು ಈ ಸಂಗತಿಯನ್ನು ಮರೆಯುವುದುಂಟು. ಪರನಾಡಿನಲ್ಲಿ ದುಡಿದು ಬದುಕಿದ ನಮಗಾದರೂ ಅದು ಬೇಗ ಅರ್ಥವಾಗಬೇಕು.

ಭೌತವಿಜ್ಞಾನಿಗಳಿಗೆ ಅಲ್ಲಿ ಬೇಕಾಗಿದ್ದುದು ಚಿನ್ನವಲ್ಲ, ತಲೆಯ ಮೇಲಿನ ಬಂಡೆ. ಆಕಾಶದಿಂದ ಬರುವ ವಿಶ್ವಕಿರಣಗಳು ವಾಯುಮಂಡಲಕ್ಕೆ ಬಡಿದಾಗ ಮ್ಯುವಾನ್ ಎಂಬ ಕಣಗಳೂ ಅವುಗಳ ಜೊತೆಗೆ ನ್ಯೂಟ್ರಿನೊಗಳೂ ಹುಟ್ಟುತ್ತವೆ. ಚಾಚಿದ ಅಂಗೈ ಮೇಲೆ ನಿಮಿಷಕ್ಕೆ ನೂರರಷ್ಟು ಮ್ಯುವಾನ್‌ಗಳು ಬೀಳುತ್ತಿರುತ್ತವೆ. ಸಂತೆಯ ನಡುವೆ ಪಿಸುಮಾತು ಕೇಳಿಸದಂತೆ, ಈ ಮ್ಯುವಾನ್‌ಗಳ ಮಳೆಯಲ್ಲಿ ನ್ಯೂಟ್ರಿನೊದ ಸುಳಿವು ಸಿಗುವುದಿಲ್ಲ. ಮಳೆ ತಪ್ಪಿಸಿಕೊಳ್ಳಲು ನೆಲದೊಳಕ್ಕೆ ಇಳಿಯಬೇಕು. ಕೋಲಾರದ ಬಂಡೆ ನೀರಿಗಿಂತ ಮೂರು ಪಟ್ಟು ಸಾಂದ್ರವಾದುದು. ಆದ್ದರಿಂದ ಅಲ್ಲಿ ಎರಡು ಕಿಲೋಮೀಟರ್ ಇಳಿದರೆ ಆರು ಕಿಲೋಮೀಟರ್ ಕಡಲಿನ ತಳದಲ್ಲಿ ಕುಳಿತಂತೆ.

ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರಲ್ಲಿ ಬೆಂಗಳೂರಿನಲ್ಲೇ ಆರಂಭವಾಗಿ ಅದೇ ವರ್ಷ ಮುಂಬಯಿಗೆ ಬಂದದ್ದನ್ನು ತಾವು ಬಲ್ಲಿರಿ. ಅದರ ಸ್ಥಾಪಕ ಹೋಮಿ ಭಾಭಾ ಅವರು 1950ರ ದಶಕದ ಆರಂಭದಲ್ಲಿ ನಂಜನಗೂಡಿನ ತರುಣ ಬಿ. ವಿ. ಶ್ರೀಕಂಠನ್ ಅವರನ್ನು ಕೋಲಾರಕ್ಕೆ ಕಳುಹಿಸಿದರು. ಬೇರೆ ಬೇರೆ ಆಳಗಳಲ್ಲಿ ಎಷ್ಟು ಮ್ಯುವಾನ್‌ಗಳು ಸಿಗುತ್ತವೆ ಎಂದು ಎಣಿಸುವುದು ಅವರಿಗೆ ವಹಿಸಿದ ಕೆಲಸ. ಆ ಎಣಿಕೆ ಮುಂದೆ ಇತರರ ಕೈಯಲ್ಲೂ ಮುಂದುವರಿಯಿತು. ಇಳಿದಂತೆಲ್ಲ ಸಂಖ್ಯೆ ಇಳಿಯುತ್ತ ಬಂದಿತು. 1960ರ ದಶಕದ ಮೊದಲ ವರ್ಷಗಳಲ್ಲಿ 2.7 ಕಿಲೋಮೀಟರಿಗೆ ಸಮೀಪದ ಆಳದಲ್ಲಿ ಉಪಕರಣವನ್ನಿಟ್ಟು ಎರಡು ತಿಂಗಳು ಕಾದರು. ಒಂದೇ ಒಂದು ಮ್ಯುವಾನ್ ಕೂಡ ಬರಲಿಲ್ಲ.

ಬಂಧುಗಳೆ, ನನ್ನ ಮಾತಿನ ತಿರುಳು ಇಲ್ಲಿದೆ. ಎರಡು ತಿಂಗಳು ದುಡಿದು ಸೊನ್ನೆಯನ್ನು ಹಿಡಿದು ಮೇಲೆ ಬಂದವನನ್ನು ಲೋಕ ಸೋತವನೆನ್ನುತ್ತದೆ. ವಾರ್ಷಿಕ ವರದಿಯಲ್ಲಿ ಸೊನ್ನೆಗೆ ಬೆಲೆಯಿಲ್ಲ. ಆದರೆ ಆ ತಂಡ ಸೊನ್ನೆಯನ್ನು ಬೇರೆ ರೀತಿಯಲ್ಲಿ ಓದಿತು: ಇಷ್ಟು ನಿಶ್ಶಬ್ದವಾದ ಜಾಗದಲ್ಲಿ ಇನ್ನು ಮುಂದೆ ಏನಾದರೂ ಸದ್ದು ಕೇಳಿದರೆ ಅದು ನ್ಯೂಟ್ರಿನೊದ್ದೇ ಆಗಿರಬೇಕು! ಪ್ರಪಂಚದಲ್ಲಿ ಅಂಥ ಮೌನ ದೊರೆಯುತ್ತಿದ್ದ ಸ್ಥಳಗಳು ಆಗ ಬೆರಳೆಣಿಕೆಯವು.

ಮುಂಬಯಿಯ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಾಮ್ ಈ ಮೂರು ಕಡೆಯ ವಿಜ್ಞಾನಿಗಳು ಒಂದಾದರು. ಮಂಗಳೂರಿನಲ್ಲಿ ಜನಿಸಿದ ಎಂ. ಜಿ. ಕೆ. ಮೆನನ್, ರಮಣಮೂರ್ತಿ, ನರಸಿಂಹಂ, ಜಪಾನಿನ ಮಿಯಾಕೆ, ಇಂಗ್ಲೆಂಡಿನ ವುಲ್ಫೆಂಡೇಲ್ ಅವರಲ್ಲಿ ಪ್ರಮುಖರು. ಚಾಂಪಿಯನ್ ರೀಫ್ ಗಣಿಯಲ್ಲಿ 2.3 ಕಿಲೋಮೀಟರ್ ಆಳದಲ್ಲಿ ಉಪಕರಣ ಎದ್ದುನಿಂತಿತು. ಅದರ ಗೋಡೆಗಳನ್ನು ಮಲಗಿಸದೆ ನಿಲ್ಲಿಸಿದ್ದರಲ್ಲಿ ಒಂದು ಯುಕ್ತಿಯಿದೆ. ಆ ಆಳದಲ್ಲೂ ಮೇಲಿನಿಂದ ನೇರವಾಗಿ ತೂರಿಬರುವ ಮ್ಯುವಾನ್ ಅಪರೂಪಕ್ಕೆ ಒಂದೊಂದಿರುತ್ತದೆ. ಆದರೆ ಪಕ್ಕದಿಂದ ಅಡ್ಡಲಾಗಿ ಬರಬೇಕಾದರೆ ಅದು ದಾಟಬೇಕಾದ ಬಂಡೆ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಯಾವ ಮ್ಯುವಾನ್‌ಗೂ ಅದು ಸಾಧ್ಯವಿಲ್ಲ. ಹಾಗಿದ್ದೂ ಅಡ್ಡಲಾಗಿ ಒಂದು ಬಂತೆಂದರೆ, ನ್ಯೂಟ್ರಿನೊವೊಂದು ಹತ್ತಿರದ ಬಂಡೆಗೆ ಬಡಿದು ಅದನ್ನು ಅಲ್ಲಿಯೇ ಹುಟ್ಟಿಸಿದೆ ಎಂದರ್ಥ. ನಿಂತ ಗೋಡೆಗಳು ಕಾಯುತ್ತಿದ್ದುದು ಆ ಅಡ್ಡಹಾದಿಯ ಅತಿಥಿಗಾಗಿ.

1965ರಲ್ಲಿ ಅತಿಥಿ ಬಂದ. ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊ ಸಿಕ್ಕಿತೆಂಬ ಪ್ರಬಂಧ ಅದೇ ವರ್ಷ ಆಗಸ್ಟ್ 15ರ ಸಂಚಿಕೆಯಲ್ಲಿ ಪ್ರಕಟವಾಯಿತು. ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲಿ ಇದೇ ಹುಡುಕಾಟ ನಡೆಸುತ್ತಿದ್ದ ರೈನ್ಸ್ ಅವರ ತಂಡದ ಪ್ರಬಂಧ ಹದಿನೈದು ದಿನ ತಡವಾಗಿ ಹೊರಬಂದಿತು. ಇಲ್ಲಿ ಚಪ್ಪಾಳೆ ತಟ್ಟುವ ಮೊದಲು ಒಂದು ಮಾತು: ಪ್ರಕಟಣೆಯಲ್ಲಿ ಕೋಲಾರ ಮೊದಲಾದರೂ, ರೈನ್ಸ್ ಅವರ ಉಪಕರಣ ಮೊದಲ ಸುಳಿವನ್ನು ದಾಖಲಿಸಿದ್ದು ಫೆಬ್ರವರಿ 23ರಂದು, ಅಂದರೆ ಕೋಲಾರಕ್ಕಿಂತ ಮುಂಚೆ. ಕೀರ್ತಿಯನ್ನು ಹಂಚಿಕೊಳ್ಳುವುದೇ ನ್ಯಾಯ. ನಮ್ಮವರದು ಎಂಬ ಕಾರಣಕ್ಕೆ ಅರ್ಧಸತ್ಯವನ್ನು ಹಾಡಿ ಹೊಗಳುವ ಚಾಳಿ ಸಂಘಸಂಸ್ಥೆಗಳಿಗೆ ಸ್ವಲ್ಪ ಹೆಚ್ಚೇ ಇದೆ.

1980ರ ದಶಕದಲ್ಲಿ ಅದೇ ಗಣಿಯಲ್ಲಿ 140 ಟನ್ ಕಬ್ಬಿಣದ ಉಪಕರಣವನ್ನು ಹೂಡಿ ಇನ್ನೂ ದೊಡ್ಡ ಪ್ರಶ್ನೆಯನ್ನು ಕೇಳಿದರು. ಪರಮಾಣುವಿನ ಗರ್ಭದಲ್ಲಿರುವ ಪ್ರೋಟಾನ್ ಎಂದಾದರೂ ಸಾಯುತ್ತದೆಯೆ? ಸತ್ತಿರಬಹುದಾದ ಕೆಲವು ಕುರುಹುಗಳು ಕಂಡಿವೆಯೆಂದು ಕೋಲಾರದ ತಂಡ ತಿಳಿಸಿತು. ಜಪಾನಿನ ಕಾಮಿಯೋಕಾ ಗಣಿಯಲ್ಲೂ ಅಮೆರಿಕದ ಉಪ್ಪಿನ ಗಣಿಯಲ್ಲೂ ಇದ್ದ ದೊಡ್ಡ ನೀರಿನ ತೊಟ್ಟಿಗಳು ಅದನ್ನು ಸಮರ್ಥಿಸಲಿಲ್ಲ. ಪ್ರೋಟಾನಿನ ಸರಾಸರಿ ಆಯುಸ್ಸು, ಸಾವಿನ ಮುಖ್ಯ ದಾರಿಯೊಂದರ ಮಟ್ಟಿಗೆ, 1ರ ಮುಂದೆ 34 ಸೊನ್ನೆಗಳಷ್ಟು ವರ್ಷಗಳಿಗಿಂತಲೂ ಹೆಚ್ಚೆಂದು ಇಂದು ತಿಳಿದಿದೆ. ಆದರೆ ಪ್ರೋಟಾನಿನ ಸಾವಿಗೆ ಕಾದಿದ್ದ ಆ ಎರಡು ತೊಟ್ಟಿಗಳಿಗೆ ಒಂದು ನಕ್ಷತ್ರದ ಸಾವು ಕಂಡಿತು! 1987ರ ಫೆಬ್ರವರಿ 23ರಂದು (ತಾರೀಖು ಮತ್ತೆ ಅದೇ, ಕಾಕತಾಳೀಯ) ಸಿಡಿದ ನಕ್ಷತ್ರವೊಂದರಿಂದ ಬಂದ ಹತ್ತಿಪ್ಪತ್ತು ನ್ಯೂಟ್ರಿನೊಗಳು ಅಲ್ಲಿ ಸಿಕ್ಕವು. 1998ರಲ್ಲಿ ಕಾಮಿಯೋಕಾದ ಇನ್ನೂ ದೊಡ್ಡ ತೊಟ್ಟಿ, ನ್ಯೂಟ್ರಿನೊಗಳು ದಾರಿಯಲ್ಲಿ ತಮ್ಮ ಬಗೆಯನ್ನು ಬದಲಿಸುತ್ತವೆ, ಆದ್ದರಿಂದ ಅವಕ್ಕೆ ತೂಕವುಂಟು ಎಂದು ತೋರಿಸಿತು. ಕಜಿತ ಅವರಿಗೆ 2015ರ ನೊಬೆಲ್ ಪ್ರಶಸ್ತಿಯ ಪಾಲು ತಂದದ್ದು ಇದು. ಹಾಗೆ ಬದಲಾದ ನ್ಯೂಟ್ರಿನೊಗಳು ಬೇರೆಯವಲ್ಲ. 1965ರಲ್ಲಿ ಕೋಲಾರದಲ್ಲಿ ಸಿಕ್ಕ ವಾಯುಮಂಡಲದ ನ್ಯೂಟ್ರಿನೊಗಳೇ.

ಅಷ್ಟು ಹೊತ್ತಿಗೆ ಕೋಲಾರದಲ್ಲಿ ಪ್ರಯೋಗಗಳು ನಿಂತುಹೋಗಿದ್ದವು. 2001ರ ಫೆಬ್ರವರಿ 28ರಂದು ಗಣಿಯೇ ಮುಚ್ಚಿತು. ಪಂಪುಗಳು ನಿಂತ ಮೇಲೆ ಆಳದ ಸುರಂಗಗಳನ್ನು ನೀರು ನುಂಗಿತು. ಗಣಿ ನಷ್ಟದಲ್ಲಿತ್ತೆಂಬುದು ನಿಜ. ಕೆಲಸ ಕಳೆದುಕೊಂಡ ಸಾವಿರಾರು ಕುಟುಂಬಗಳ ಸಂಕಟದ ಮುಂದೆ ವಿಜ್ಞಾನಿಗಳ ನಷ್ಟ ಚಿಕ್ಕದೆಂಬುದೂ ನಿಜ. ಆದರೂ ನನಗೊಂದು ಹೋಲಿಕೆ ಕಾಡುತ್ತದೆ. ಅಮೆರಿಕದ ದಕ್ಷಿಣ ಡಕೋಟಾದಲ್ಲಿ ಹೋಮ್‌ಸ್ಟೇಕ್ ಎಂಬ ಚಿನ್ನದ ಗಣಿಯಿತ್ತು. ರೇ ಡೇವಿಸ್ ಸೂರ್ಯನ ನ್ಯೂಟ್ರಿನೊಗಳನ್ನು ಎಣಿಸಿದ್ದು ಅಲ್ಲಿ. ಅದೂ ಕೋಲಾರದ ಹಿಂದೆಯೇ ಮುಚ್ಚಿತು, ಅಲ್ಲಿಯೂ ನೀರು ತುಂಬಿತು. ಆದರೆ ಅಲ್ಲಿಯ ರಾಜ್ಯ ಸರ್ಕಾರ ಗಣಿಯನ್ನು ಪಡೆದು, ಒಬ್ಬ ದಾನಿಯ ಹಣವನ್ನೂ ಸೇರಿಸಿ, 2008ರಲ್ಲಿ ಮತ್ತೆ ನೀರೆತ್ತಲು ತೊಡಗಿತು. ಇಂದು ಅಲ್ಲಿ ಸುಮಾರು ಒಂದೂವರೆ ಕಿಲೋಮೀಟರ್ ಆಳದಲ್ಲಿ ದೊಡ್ಡ ಪ್ರಯೋಗಾಲಯವಿದೆ.

ಕೋಲಾರದ ಆಸ್ತಿಪಟ್ಟಿಯಲ್ಲಿ ಯಂತ್ರಗಳಿದ್ದವು, ಕಟ್ಟಡಗಳಿದ್ದವು, ಮಣ್ಣಿನ ಗುಡ್ಡಗಳಿದ್ದವು. ಆ ಎರಡು ತಿಂಗಳ ಮೌನವನ್ನು ಆಸ್ತಿಯೆಂದು ಯಾರೂ ಬರೆದುಕೊಳ್ಳಲಿಲ್ಲ ಎಂಬುದು ನನ್ನ ಕೊರಗು. ಮುಂದೆ ತಮಿಳುನಾಡಿನ ತೇನಿ ಜಿಲ್ಲೆಯ ಬೆಟ್ಟವೊಂದರೊಳಗೆ ಹೊಸ ನ್ಯೂಟ್ರಿನೊ ವೀಕ್ಷಣಾಲಯ ಕಟ್ಟಲು ಕೇಂದ್ರ ಸರ್ಕಾರ 2015ರಲ್ಲಿ ಒಪ್ಪಿಗೆಯನ್ನೇನೋ ಕೊಟ್ಟಿತು. ಸ್ಥಳೀಯರ ಆತಂಕ, ರಾಜ್ಯದ ವಿರೋಧ, ನ್ಯಾಯಾಲಯದ ವ್ಯಾಜ್ಯಗಳ ನಡುವೆ ಕೆಲಸ ಮೇಲೇಳಲಿಲ್ಲ. ಬೆಟ್ಟದ ಬಳಿ ಬದುಕುವವರ ಆತಂಕವನ್ನು ಅಜ್ಞಾನವೆಂದು ತಳ್ಳಿಹಾಕುವವರ ಸಾಲಿನಲ್ಲಿ ನಾನಿಲ್ಲ. ಆದರೆ ಹೊಸ ಬೆಟ್ಟವನ್ನು ಕೊರೆಯುವ ಪ್ರಸಂಗವೇ ಬಂದದ್ದೇಕೆಂದು ಕೇಳುವ ಹಕ್ಕು ನಮಗಿದೆ.

ಕಡೆಯದಾಗಿ ಒಂದು ಹೊಸ ಸಮಾಚಾರ. ಇಟಲಿಯ ಸಿಸಿಲಿ ದ್ವೀಪದಾಚೆ, ಮೆಡಿಟರೇನಿಯನ್ ಕಡಲಿನಲ್ಲಿ ಸುಮಾರು 3,450 ಮೀಟರ್ ಆಳದಲ್ಲಿ, ನೀರನ್ನೇ ಬಂಡೆಯಂತೆ ಬಳಸಿಕೊಂಡು ಗಾಜಿನ ಗೋಳಗಳ ಸರಗಳನ್ನು ಇಳಿಬಿಟ್ಟಿದ್ದಾರೆ. 2023ರ ಫೆಬ್ರವರಿ 13ರಂದು ಅವುಗಳ ನಡುವೆ ಒಂದು ಮ್ಯುವಾನ್ ಮಿಂಚಿ ಹೋಯಿತು. ಅದನ್ನು ಹುಟ್ಟಿಸಿದ ನ್ಯೂಟ್ರಿನೊ ಅಲ್ಲಿಯವರೆಗೆ ಸಿಕ್ಕವುಗಳಲ್ಲೆಲ್ಲ ಅತ್ಯಂತ ಶಕ್ತಿಶಾಲಿಯೆಂದು ಎರಡು ವರ್ಷ ಲೆಕ್ಕಹಾಕಿ 2025ರಲ್ಲಿ ಪ್ರಕಟಿಸಿದರು. ಅದು ನ್ಯೂಟ್ರಿನೊದಿಂದಲೇ ಹುಟ್ಟಿದ್ದೆಂದು ಅವರು ಹೇಗೆ ನಿರ್ಧರಿಸಿದರು ಗೊತ್ತೆ? ಆ ಮ್ಯುವಾನ್ ಮೇಲಿನಿಂದ ಬಂದಿರಲಿಲ್ಲ. ಹೆಚ್ಚುಕಡಿಮೆ ಅಡ್ಡಲಾಗಿ ಬಂದಿತ್ತು.