ಜಾತ್ರೆಗೆ ದಿನ ತಪ್ಪದು, ಚುನಾವಣೆಗೆ ಏಕೆ ತಪ್ಪಬೇಕು?

(ದಾವಣಗೆರೆಯಲ್ಲಿ ಗಿರಣಿ ಕೆಲಸಗಾರರು ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಆಡಿದ ಮಾತುಗಳು)



ದೊಡ್ಡ ಭಾಷಣ ಮಾಡಲು ನಾವು ಇಲ್ಲಿ ನಿಂತಿಲ್ಲ. ಊರಿನಲ್ಲಿ ಓಡಾಡುವಾಗ ಕಣ್ಣಿಗೆ, ಕಿವಿಗೆ ಬಿದ್ದ ನಾಲ್ಕು ಸಂಗತಿಗಳನ್ನು ತಮ್ಮ ಮುಂದಿಟ್ಟು, ಅವುಗಳಿಂದ ಹೊರಡುವ ಒಂದೇ ಒಂದು ಮಾತನ್ನು ಹೇಳಿ ಕೆಳಗಿಳಿಯುತ್ತೇವೆ.

ನಮ್ಮ ದಾವಣಗೆರೆಯವರಿಗೆ ರಾಜಕೀಯವೆಂದರೆ ಮಂಡಕ್ಕಿ-ಮೆಣಸಿನಕಾಯಿ ಇದ್ದಂತೆ. ಸಂಜೆಯಾದರೆ ಬೇಕೇ ಬೇಕು. ಗಡಿಯಾರ ಕಂಬದ ಸುತ್ತ, ಮಂಡಿಪೇಟೆಯ ಅಂಗಡಿ ಕಟ್ಟೆಗಳ ಮೇಲೆ, ಬೆಣ್ಣೆದೋಸೆ ಹೋಟೆಲಿನ ಬೆಂಚುಗಳ ಮೇಲೆ ದೆಹಲಿಯ ಮಂತ್ರಿಮಂಡಲ ದಿನಕ್ಕೆ ಹತ್ತು ಸಲ ಬೀಳುತ್ತದೆ, ಹತ್ತು ಸಲ ಏಳುತ್ತದೆ. ಸಂತೋಷವೇ. ಮಾತಾಡುವ ಊರು ಸತ್ತ ಊರಲ್ಲ. ಆದರೆ ಅದೇ ಮಹನೀಯರನ್ನು ತಡೆದು, "ಸ್ವಾಮಿ, ತಮ್ಮ ವಾರ್ಡಿನ ನಂಬರೆಷ್ಟು?" ಎಂದು ಕೇಳಿ ನೋಡಿ, ಅನೇಕರು ತಲೆ ಕೆರೆದುಕೊಳ್ಳುತ್ತಾರೆ. ದೆಹಲಿಯ ದಾರಿ ಗೊತ್ತು, ಮನೆ ಮುಂದಿನ ಚರಂಡಿಗೆ ಯಾರು ಜವಾಬ್ದಾರರೆಂಬುದು ಗೊತ್ತಿಲ್ಲ.

ಇದು ನಗುವ ವಿಷಯವಲ್ಲ. ೧೯೩೦ರ ದಶಕದಿಂದ ಇಲ್ಲಿ ಹತ್ತಿ ಗಿರಣಿಗಳು ಎದ್ದವು, ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಬಂತು. ಆಗ ದುಡಿಯುವವನ ಅನ್ನ ಗಿರಣಿ ಮಾಲೀಕನ ಕೈಯಲ್ಲಿತ್ತು. ಕೂಲಿ ಬೇಕಿದ್ದರೂ, ಬೋನಸ್ಸು ಬೇಕಿದ್ದರೂ ಯಾವ ಬಾಗಿಲ ಮುಂದೆ ಕೂರಬೇಕೆಂಬುದು ಎಲ್ಲರಿಗೂ ತಿಳಿದಿತ್ತು. ಆಮೇಲೆ ಆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ನೂಲು ಹಿಡಿದಿದ್ದ ಕೈಗಳೆಷ್ಟೋ ತಕ್ಕಡಿ ಹಿಡಿದವು, ತಳ್ಳುಗಾಡಿ ಹಿಡಿದವು. ತಳ್ಳುಗಾಡಿ ನಿಲ್ಲುವ ಜಾಗ ಯಾರದು? ಅಂಗಡಿಯ ಪರವಾನಗಿ ಕೊಡುವವರು ಯಾರು? ನಲ್ಲಿಯ ನೀರು, ಬೀದಿಯ ದೀಪ, ಕಸದ ಗಾಡಿ ಯಾರದು? ಮಹಾನಗರ ಪಾಲಿಕೆಯದು. ಮಾಲೀಕ ಬದಲಾಗಿದ್ದಾನೆ, ಕೂರಬೇಕಾದ ಬಾಗಿಲೂ ಬದಲಾಗಿದೆ. ಒಂದೇ ವ್ಯತ್ಯಾಸವೆಂದರೆ, ಈ ಹೊಸ ಮಾಲೀಕನನ್ನು ಆರಿಸುವ ಹಕ್ಕು ತಮ್ಮ ಕೈಯಲ್ಲಿಯೇ ಇದೆ.

ಆ ಹಕ್ಕು ಏನಾಗುತ್ತಿದೆ ನೋಡಿ. ಸಂವಿಧಾನಕ್ಕೆ ೭೪ನೆಯ ತಿದ್ದುಪಡಿ ಬಂದು ೧೯೯೩ರ ಜೂನ್ ೧ರಿಂದ ಜಾರಿಯಾಯಿತು. ಪೌರಸಭೆಯ ಅವಧಿ ಐದು ವರ್ಷ, ಅದು ಮುಗಿಯುವುದರೊಳಗೆ ಮುಂದಿನ ಚುನಾವಣೆ ನಡೆದಿರಬೇಕು ಎಂದು ಅದು ಹೇಳುತ್ತದೆ. ೨೦೦೬ರಲ್ಲಿ ಸುಪ್ರೀಂ ಕೋರ್ಟು ಕೂಡ ಇದನ್ನೇ ಒತ್ತಿ ಹೇಳಿತು. ಆಚರಣೆ ಬೇರೆ. ಬೆಂಗಳೂರು ಪಾಲಿಕೆಯ ಅವಧಿ ೨೦೨೦ರ ಸೆಪ್ಟೆಂಬರಿನಲ್ಲಿ ಮುಗಿಯಿತು; ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ ೨೦೨೧ರಲ್ಲಿ ಮುಗಿಯಿತು. ಆ ಮೇಲೆ ವರ್ಷಗಟ್ಟಲೆ ಚುನಾವಣೆಯಿಲ್ಲದೆ ಅಧಿಕಾರಿಗಳೇ ಆಡಳಿತ ನಡೆಸಿದರು. ಇನ್ನು ೨೦೧೮ರಲ್ಲಿ ಚುನಾವಣೆ ನಡೆದ ಪುರಸಭೆ, ನಗರಸಭೆಗಳಲ್ಲಿ ಜನ ಮತ ಹಾಕಿದರು, ಸದಸ್ಯರು ಗೆದ್ದರು. ಅಧ್ಯಕ್ಷ ಸ್ಥಾನದ ಮೀಸಲಾತಿಯ ವ್ಯಾಜ್ಯದಲ್ಲಿ ಎರಡು ವರ್ಷ ಅಧ್ಯಕ್ಷರೇ ಇಲ್ಲದೆ ಕಳೆಯಿತು. ಮದುವೆಯಾಗಿದೆ, ಮನೆ ತುಂಬಿಸಿಕೊಂಡಿಲ್ಲ ಎಂಬಂತಾಯಿತು.

"ಸದಸ್ಯರು ಇದ್ದು ಕಡಿದದ್ದೇನು? ಅಧಿಕಾರಿಯೇ ವಾಸಿ" ಎನ್ನುವವರಿದ್ದಾರೆ. ಸದಸ್ಯರೆಲ್ಲ ಸಾಧುಗಳೆಂದು ನಾವು ಹೇಳುವುದಿಲ್ಲ. ಅಧಿಕಾರಿ ಪ್ರಾಮಾಣಿಕನೇ ಇರಬಹುದು, ಆದರೆ ಅವನಿಗೆ ಲೆಕ್ಕ ಕೇಳುವವರು ಮೇಲಿರುತ್ತಾರೆ; ವರ್ಗವಾದರೆ ಮರುದಿನ ಬೇರೆ ಊರು. ಸದಸ್ಯ ಎಂಥವನಾದರೂ ಐದು ವರ್ಷಕ್ಕೊಮ್ಮೆ ತಮ್ಮ ಹೊಸ್ತಿಲಿಗೆ ಬರಲೇಬೇಕು. ಆ ಭಯವೇ ಬಡವನ ಆಸ್ತಿ. ಚುನಾವಣೆ ಮುಂದಕ್ಕೆ ಹೋದರೆ ಆ ಭಯವೂ ಹೋಗುತ್ತದೆ.

ಅಶೋಕ ಚಿತ್ರಮಂದಿರದ ಬಳಿಯ ರೈಲ್ವೆ ಗೇಟು ತಮಗೆ ನೆನಪಿರಬೇಕು. ಗೇಟು ಬಿತ್ತೆಂದರೆ ಊರು ಎರಡು ಪಾಲಾಗಿ ನಿಲ್ಲುತ್ತಿತ್ತು. ಆದರೂ ರೈಲು ದಾಟಿದೊಡನೆ ಗೇಟು ಏಳುತ್ತದೆಂಬ ಧೈರ್ಯ ಇತ್ತು. ಚುನಾವಣೆಯ ಗೇಟು ಬಿದ್ದರೆ ಎಂದು ಏಳುವುದೋ ಹೇಳುವವರೇ ಇಲ್ಲ.

ಅದೇ ನಮ್ಮ ದುಗ್ಗಮ್ಮನ ಜಾತ್ರೆ ನೋಡಿ. ಎರಡು ವರ್ಷಕ್ಕೊಮ್ಮೆ ಬರುತ್ತದೆ. ಹಂದರಕಂಬ ನೆಟ್ಟರೆಂದರೆ ಮನೆಗೆ ಸುಣ್ಣ ಬಣ್ಣ, ಬೀಗರಿಗೆ ಕರೆ, ಸಾಲ ಮಾಡಿಯಾದರೂ ಊಟ. ಈ ಸಲ ಬೇಡ, ನೋಡೋಣ ಎಂದು ಯಾರಾದರೂ ಹೇಳಿದರೆ ಊರು ಸುಮ್ಮನಿರುತ್ತದೆಯೇ? ಇರುವುದಿಲ್ಲ. ಜಾತ್ರೆ ನಮ್ಮದೆಂದು ಪ್ರತಿಯೊಬ್ಬರಿಗೂ ಅನಿಸಿದೆ. ಚುನಾವಣೆ ಮಾತ್ರ ಪಕ್ಷದವರದೆಂದು ಅನಿಸಿದೆ. ಕೇಳುವವರಿಲ್ಲದ ಕಡೆ ದಿನ ತಪ್ಪುತ್ತದೆ. ಇಂದು ನಾವು ಹೇಳಬೇಕೆಂದಿದ್ದ ಒಂದು ಮಾತು ಇದೇ.

ಹಾಗಾದರೆ ಮಾಡುವುದೇನು? ದಾವಣಗೆರೆ ೨೦೦೭ರಲ್ಲಿ ಮಹಾನಗರ ಪಾಲಿಕೆಯಾಯಿತು. ೨೦೧೯ರ ನವೆಂಬರಿನಲ್ಲಿ ೪೫ ವಾರ್ಡುಗಳಿಗೆ ಚುನಾವಣೆ ನಡೆಯಿತು. ಮೊದಲು ತಮ್ಮ ವಾರ್ಡಿನ ನಂಬರನ್ನು ಮಕ್ಕಳಿಂದ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆಸಿ. ಎರಡನೆಯದು, ಮೂರು ಲಕ್ಷ ಜನಸಂಖ್ಯೆ ದಾಟಿದ ನಗರದಲ್ಲಿ ವಾರ್ಡು ಸಮಿತಿ ಇರಬೇಕೆಂದು ಸಂವಿಧಾನವೇ ಹೇಳುತ್ತದೆ. ೨೦೧೧ರ ಜನಗಣತಿಯಲ್ಲಿಯೇ ನಮ್ಮ ಊರು ನಾಲ್ಕು ಲಕ್ಷ ದಾಟಿತ್ತು. "ನಮ್ಮ ಸಮಿತಿ ಎಲ್ಲಿ, ಸಭೆ ಎಂದು?" ಎಂದು ಬರಹದಲ್ಲಿ ಕೇಳಿ, ಸ್ವೀಕೃತಿ ಪಡೆಯಿರಿ. ಮೂರನೆಯದು ಬೀದಿ ವ್ಯಾಪಾರಿಗಳಿಗೆ: ೨೦೧೪ರ ಕಾಯ್ದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ ೪೦ಕ್ಕೆ ಕಡಮೆಯಿಲ್ಲದಂತೆ ವ್ಯಾಪಾರಿಗಳೇ ಆರಿಸಿದ ಪ್ರತಿನಿಧಿಗಳಿರಬೇಕು, ಅವರಲ್ಲಿ ಮೂರನೆಯ ಒಂದು ಪಾಲು ಮಹಿಳೆಯರಿರಬೇಕು. ಗಾಡಿ ಎತ್ತಿಸಲು ಬಂದವರಿಗೆ ಕೈ ಮುಗಿಯುವ ಮೊದಲು ಆ ಸಮಿತಿಯ ಹೆಸರು ಹೇಳಿ.

ಕೊನೆಯದು, ಯಾವ ಸಭೆಯ ಅವಧಿಯೇ ಆಗಲಿ, ಮುಗಿಯಲು ಆರು ತಿಂಗಳಿರುವಾಗಲೇ ಚುನಾವಣೆಯ ದಿನ ಕೇಳಲು ಪ್ರಾರಂಭಿಸಿ. ಮುಗಿದ ಮೇಲೆ ಕೇಳಿದರೆ ಬೆಳೆ ಮೇಯ್ದ ಮೇಲೆ ಬೇಲಿ ಹಾಕಿದಂತೆ.

ದೆಹಲಿಯ ಮಾತು ಬಿಡಿರೆಂದು ನಾವು ಹೇಳುತ್ತಿಲ್ಲ. ಮಂಡಕ್ಕಿ ತಿನ್ನುತ್ತ ಆಡಿರಿ. ಅದರ ನಡುವೆ ಒಮ್ಮೆ ಪಕ್ಕದವರನ್ನು ಕೇಳಿರಿ: "ಅಣ್ಣಾ, ನಮ್ಮ ವಾರ್ಡಿನ ಚುನಾವಣೆ ಎಂದು?" ಊರೆಲ್ಲ ಹೀಗೆ ಕೇಳತೊಡಗಿದ ದಿನ ಉತ್ತರ ಹೇಳದೆ ಕೂರುವ ಧೈರ್ಯ ಯಾವ ಸರ್ಕಾರಕ್ಕೂ ಇರುವುದಿಲ್ಲ.